ಕೆಲಸ ಬಿಟ್ಟು, ಹಾಕಿ ಅಕಾಡೆಮಿ ತೆರೆಯಲೇ?

ಆಟ ನಿಲ್ಲಿಸಿದ, ನಿಲ್ಲಿಸುವ ಹೊಸ್ತಿಲಲ್ಲಿರುವ ಹಾಕಿ ಆಟಗಾರರ ಪ್ರಶ್ನೆಗಳಿಗೆ ರಾಜ್ಯ ತಂಡದ ಮಾಜಿ ಹಾಫ್‌ಬ್ಯಾಕ್, ಈಗಿನ ಕೋಚ್ ಒಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಸರ್, ನನಗೆ 34 ವರ್ಷ. ಊರು ಸೋಮವಾರಪೇಟೆ ಹತ್ತಿರ. ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿ ಬೆಳೆದವನು, ಫುಲ್‌ಬ್ಯಾಕ್, ಅಂದರೆ ಹಿಂದೆ ನಿಂತು ಗೋಲು ಕಾಯುವ ರಕ್ಷಣಾ ಆಟಗಾರ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕಿತು. ಇಲಾಖೆ ತಂಡಕ್ಕೂ ರಾಜ್ಯಕ್ಕೂ ಆಡಿದೆ. ಒಮ್ಮೆ ಇಂಡಿಯಾ ಕ್ಯಾಂಪಿಗೆ ಹೋಗಿದ್ದೆ, ತಂಡದಲ್ಲಿ ಜಾಗ ಸಿಗಲಿಲ್ಲ. ಈ ವರ್ಷ ಇಲಾಖೆ ತಂಡದಿಂದಲೂ ಕೈಬಿಟ್ಟರು. ಈಗ ದಿನವಿಡೀ ಆಫೀಸಿನಲ್ಲಿ ಕೂರಬೇಕು. ಕಂಪ್ಯೂಟರ್ ಕೆಲಸ ಬರುವುದಿಲ್ಲ, ಚಿಕ್ಕವರ ಹತ್ತಿರ ಕೇಳಲು ಮುಜುಗರ. ನಿದ್ದೆ ಇಲ್ಲ, ತೂಕ ಏರಿದೆ, ಕುಡಿಯುವುದೂ ಜಾಸ್ತಿಯಾಗಿದೆ. ರಾಜೀನಾಮೆ ಕೊಟ್ಟು ಪಿಎಫ್ ದುಡ್ಡಿನಲ್ಲಿ ಅಕಾಡೆಮಿ ಶುರು ಮಾಡು ಅಂತ ಗೆಳೆಯರು ಹೇಳುತ್ತಾರೆ. ಹೆಂಡತಿ ಬೇಡ ಅನ್ನುತ್ತಾಳೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಹೆಂಡತಿ ಹೇಳುತ್ತಿರುವುದು ಸರಿ. ಈಗ ರಾಜೀನಾಮೆ ಕೊಡಬೇಡಿ.

ಮೊದಲು ಕುಡಿತದ ವಿಷಯ. ಕಷ್ಟಗಳ ಸಾಲಿನಲ್ಲಿ ಅದನ್ನು ಕೊನೆಗೆ ಬರೆದಿದ್ದೀರಿ, ನನಗೆ ಅದೇ ಮೊದಲು ಕಂಡಿತು. ನಿದ್ದೆ ಬರಲಿ ಅಂತ ಕುಡಿಯುತ್ತಿದ್ದರೆ ಇವತ್ತೇ ಯಾರ ಹತ್ತಿರವಾದರೂ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿದರೆ ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ನೀವಿರುವ ಊರಲ್ಲೇ ಇದೆ, ಕುಡಿತ ಬಿಡಿಸುವ ವಿಭಾಗವೂ ಅಲ್ಲಿದೆ. ಮೊಣಕಾಲಿಗೆ ಪೆಟ್ಟಾದಾಗ ಫಿಸಿಯೋ ಹತ್ತಿರ ಹೋಗಲು ನೀವು ನಾಚಿಕೆಪಟ್ಟವರಲ್ಲ, ಅಲ್ವಾ? ಇದಕ್ಕೂ ನಾಚಿಕೆ ಬೇಡ.

ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು. ಹದಿಮೂರು ಹದಿನಾಲ್ಕನೇ ವಯಸ್ಸಿಗೆ ಹಾಸ್ಟೆಲ್ ಸೇರಿದ ಹುಡುಗನಿಗೆ ಎಷ್ಟು ಹೊತ್ತಿಗೆ ಏಳಬೇಕು, ಏನು ತಿನ್ನಬೇಕು, ಯಾವ ರೈಲು ಹತ್ತಬೇಕು ಎಲ್ಲವನ್ನೂ ಬೇರೆಯವರೇ ಹೇಳುತ್ತಾರೆ. ಇಪ್ಪತ್ತು ವರ್ಷ ಹಾಗೆ ಬದುಕಿ, ಒಂದು ದಿನ ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಎದೆ ಒಡೆಯುತ್ತದೆ. ದೊಡ್ಡ ಆಟಗಾರರಿಗೂ ಇದು ತಪ್ಪಿದ್ದಲ್ಲ. ನಿಮ್ಮೂರಿನ ಕಡೆಯ ಎಸ್.ವಿ. ಸುನಿಲ್ 260ಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯ ಆಡಿದವರು. ಟೋಕಿಯೊ ಒಲಿಂಪಿಕ್ಸ್ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. 41 ವರ್ಷದ ನಂತರ ಭಾರತಕ್ಕೆ ಹಾಕಿಯಲ್ಲಿ ಒಲಿಂಪಿಕ್ಸ್ ಪದಕ ಬಂದದ್ದು ಅದೇ ತಂಡದಿಂದ. 2021ರ ಅಕ್ಟೋಬರ್‌ನಲ್ಲಿ ಸುನಿಲ್ ನಿವೃತ್ತಿ ಹೇಳಿದರು. ಆ ಎರಡು ತಿಂಗಳು ಅವರಿಗೆ ಹೇಗಿದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ಆಫೀಸು. ನಾನು ಬ್ಯಾಂಕಿನ ತಂಡಕ್ಕೆ ಆಡುತ್ತಿದ್ದೆ. ಆಟ ನಿಂತ ಮೇಲೆ ಬ್ರಾಂಚಿಗೆ ಹಾಕಿದರು. ಆಡುವುದೇ ಕೆಲಸದ ಲೆಕ್ಕ, ಆನ್ ಡ್ಯೂಟಿ ಅಂತ ವರ್ಷದಲ್ಲಿ ಮುಕ್ಕಾಲು ಪಾಲು ಮೈದಾನದಲ್ಲಿ ಇದ್ದವನಿಗೆ ಚಲನ್ ಯಾವುದು, ವೋಚರ್ ಯಾವುದು ಅಂತಲೂ ಗೊತ್ತಿರಲಿಲ್ಲ. ಪಕ್ಕದ ಕೌಂಟರಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಇದ್ದಳು. "ನನಗೆ ಏನೂ ಬರಲ್ಲಮ್ಮ, ದಿನಾ ಅರ್ಧ ಗಂಟೆ ಹೇಳಿಕೊಡ್ತೀಯಾ?" ಅಂತ ಕೇಳಿದೆ. ಅವಳು ಖುಷಿಯಿಂದ ಒಪ್ಪಿದಳು. ಸಂಜೆ ಕ್ಯಾಶ್ ಮುಚ್ಚಿದ ಮೇಲೆ ಕೂತು ಕಲಿತೆ. ಕೆಲಸ ಕೈಗೆ ಹತ್ತಿದ ಮೇಲೆ ರಾತ್ರಿ ನಿದ್ದೆ ಬರತೊಡಗಿತು. ಹದಿನೈದನೇ ವಯಸ್ಸಿನಲ್ಲಿ ಟ್ರ್ಯಾಪಿಂಗ್, ಅಂದರೆ ಬರುವ ಚೆಂಡನ್ನು ಸ್ಟಿಕ್ಕಿನಿಂದ ತಡೆದು ನಿಲ್ಲಿಸುವುದು ಬಾರದೆ ಸೀನಿಯರ್ ಹತ್ತಿರ ಬೈಸಿಕೊಂಡು ಕಲಿತಿರಿ. ಈಗ ಆಫೀಸಿನಲ್ಲಿ ಆ ಹುಡುಗ, ಆ ಹುಡುಗಿಯೇ ನಿಮ್ಮ ಸೀನಿಯರ್. ಕೇಳಿ, ಕಲಿಯಿರಿ. ಇಲಾಖೆ ಪರೀಕ್ಷೆ ಬಾಕಿ ಇದ್ದರೆ ಈ ವರ್ಷವೇ ಕಟ್ಟಿ. ಬಡ್ತಿ ಸಿಗುವುದು ಅದರಿಂದ, ಹಳೆಯ ಮೆಡಲ್‌ನಿಂದ ಅಲ್ಲ.

ಕೊಡಗಿನವರೇ ಆದ ಎಂ.ಎಂ. ಸೋಮಯ್ಯ 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದರು, ಮೂರು ಒಲಿಂಪಿಕ್ಸ್ ಆಡಿದರು. ಭಾರತ್ ಪೆಟ್ರೋಲಿಯಂನಲ್ಲಿ ನೌಕರಿಯನ್ನೂ ಮಾಡಿದರು. ಅಂಥವರಿಗೇ ನೌಕರಿ ಬೇಕಾಗಿತ್ತು ಅಂದ ಮೇಲೆ ನಮಗೆ ಬೇಡವೇ?

ಪಿಂಚಣಿ ಬರಬಹುದು ಅನ್ನುವ ಆಸೆ ಮನಸ್ಸಿನಲ್ಲಿದ್ದರೆ ಅದನ್ನೂ ಹೇಳಿಬಿಡುತ್ತೇನೆ. ಕೇಂದ್ರದ ಕ್ರೀಡಾ ಪಿಂಚಣಿ ಒಲಿಂಪಿಕ್ಸ್, ವಿಶ್ವಕಪ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಥರದ ಕೂಟಗಳಲ್ಲಿ ಪದಕ ಗೆದ್ದವರಿಗೆ. ರಾಷ್ಟ್ರೀಯ ಚಾಂಪಿಯನ್‌ಷಿಪ್ ಪದಕಕ್ಕೆ ಬರುವುದಿಲ್ಲ. ನಿಮ್ಮಂಥ, ನನ್ನಂಥ ಆಟಗಾರರಿಗೆ ಸಂಬಳ, ಪಿಎಫ್, ಆಸ್ಪತ್ರೆ ಖರ್ಚಿನ ಸೌಲಭ್ಯ ಇವೇ ಆಸರೆ. ಶಂಕರ್ ಲಕ್ಷ್ಮಣ್ ಗೊತ್ತಲ್ಲ? 1956 ಮತ್ತು 1964ರ ಚಿನ್ನ, 1960ರ ಬೆಳ್ಳಿ ಗೆದ್ದ ತಂಡಗಳ ಗೋಲ್‌ಕೀಪರ್. 2006ರಲ್ಲಿ ಮಧ್ಯಪ್ರದೇಶದ ಮಹೂ ಊರಿನಲ್ಲಿ ಕಾಲಿನ ಗ್ಯಾಂಗ್ರೀನ್‌ನಿಂದ, ಬಡತನದಲ್ಲಿ ತೀರಿಕೊಂಡರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಕಾಡೆಮಿ ಕನಸು ಕೆಟ್ಟದ್ದಲ್ಲ. ಆದರೆ ಲೆಕ್ಕ ಹಾಕಿದ್ದೀರಾ? ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಒಂದು ಗೋಲ್‌ಕೀಪರ್ ಕಿಟ್ ಬೆಲೆ ವಿಚಾರಿಸಿ ನೋಡಿ, ಪ್ಯಾಡ್, ಪಾದಕ್ಕೆ ಹಾಕುವ ಕಿಕ್ಕರ್, ಹೆಲ್ಮೆಟ್, ಚೆಸ್ಟ್ ಗಾರ್ಡ್ ಸೇರಿಸಿ. ಹಾಕಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಫೀಸ್ ಕಟ್ಟುವ ಶಕ್ತಿ ಇರುವುದಿಲ್ಲ. ಭಾರತ ತಂಡದ ನಾಯಕರಾಗಿದ್ದ ಜೂಡ್ ಫೆಲಿಕ್ಸ್ ಬೆಂಗಳೂರಿನಲ್ಲಿ 2009ರಿಂದ ಅಂಥ ಬಡ ಮಕ್ಕಳಿಗಾಗಿಯೇ ಅಕಾಡೆಮಿ ನಡೆಸುತ್ತಿದ್ದಾರೆ. ಅದು ಸೇವೆ. ಮನೆ ಬಾಡಿಗೆ, ಮಕ್ಕಳ ಶಾಲೆ ಖರ್ಚು ಅದರಿಂದಲೇ ನಡೆಯಬೇಕು ಅಂದರೆ ಕಷ್ಟ. ಪಿಎಫ್ ಮುಟ್ಟಬೇಡಿ.

ಇನ್ನೊಂದು ಮಾತು. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಅನ್ನುವುದು ಸುಳ್ಳು. ನಿಮ್ಮ ಕೈಗೆ ತಾನಾಗಿ ಬರುವ ಟ್ಯಾಕಲ್ ಅನ್ನು, ಎದುರಾಳಿಯಿಂದ ಚೆಂಡು ಕಸಿಯುವ ಕಲೆಯನ್ನು, ಹತ್ತು ವರ್ಷದ ಮಗುವಿಗೆ ಬಿಡಿಸಿ ಹೇಳಬೇಕು. ಅದು ಬೇರೆಯೇ ವಿದ್ಯೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಇದೆ, ಹಾಕಿ ಇಂಡಿಯಾದ ಕೋಚಿಂಗ್ ಕೋರ್ಸ್‌ಗಳಿವೆ. ರಜೆ ತೆಗೆದುಕೊಂಡು ಅವನ್ನು ಮಾಡಿ. ಅಲ್ಲಿಯವರೆಗೆ ಶನಿವಾರ, ಭಾನುವಾರ ಹತ್ತಿರದ ಶಾಲೆಯ ಮಕ್ಕಳಿಗೆ ಕಲಿಸಿ. ಎರಡು ವರ್ಷ ಹೀಗೆ ನಡೆದ ಮೇಲೂ ಆಸೆ ಉಳಿದರೆ ನನಗೆ ಮತ್ತೆ ಬರೆಯಿರಿ. ಆಗ ಅಕಾಡೆಮಿ ಬಗ್ಗೆ ಮಾತಾಡೋಣ.

ತೂಕ ಇಳಿಸಲು ಊಟ ಕಡಿಮೆ ಮಾಡಿ, ಓಟ ಪೂರ್ತಿ ನಿಲ್ಲಿಸಬೇಡಿ. ಕ್ಯಾಂಪಿನಲ್ಲಿ ತಿನ್ನುತ್ತಿದ್ದಷ್ಟೇ ಈಗಲೂ ತಿಂದರೆ ಮೈ ಬರದೆ ಇರುತ್ತದೆಯೇ?

ಪ್ರಶ್ನೆ: ನನಗೆ 27. ರಾಜ್ಯ ಮಹಿಳಾ ತಂಡಕ್ಕೆ ಆಡಿದ್ದೇನೆ. ಡಿಗ್ರಿ ಮುಗಿದಿದೆ. ಮದುವೆಯಾಗಿ ಆಟ ನಿಂತಿದೆ, ಕೆಲಸವಿಲ್ಲ. ಹಾಕಿಯಲ್ಲೇ ಏನಾದರೂ ದಾರಿ ಇದೆಯೇ?
– ಒಬ್ಬ ಆಟಗಾರ್ತಿ, ಗದಗ

ಉತ್ತರ: ಇದೆ ತಾಯಿ. ಡಿಗ್ರಿ ಇರುವುದರಿಂದ ಎರಡು ವರ್ಷದ ಬಿ.ಪಿ.ಎಡ್ (ದೈಹಿಕ ಶಿಕ್ಷಣದ ಪದವಿ) ಮಾಡಿದರೆ ದೈಹಿಕ ಶಿಕ್ಷಕಿ ಹುದ್ದೆಗೆ ಅರ್ಜಿ ಹಾಕಬಹುದು. ಮನೆ ಬಿಟ್ಟು ಹೋಗುವುದು ಕಷ್ಟ ಅಂದರೆ ಆಟಗಾರರಿಗೆ ಮುಂದಿನ ಕೆಲಸಕ್ಕೆ ತರಬೇತಿ ಕೊಡುವ ಕೇಂದ್ರ ಕ್ರೀಡಾ ಸಚಿವಾಲಯದ 'ರೀಸೆಟ್' ಕಾರ್ಯಕ್ರಮ ನೋಡಿ. 2024ರ ಆಗಸ್ಟ್ 29ರ ಕ್ರೀಡಾ ದಿನದಂದು ಅದು ಶುರುವಾಯಿತು. ಆಟ ಬಿಟ್ಟ 20ರಿಂದ 50 ವರ್ಷದೊಳಗಿನವರಿಗೆ. ಪಾಠ ಆನ್‌ಲೈನ್‌ನಲ್ಲಿ, ಜೊತೆಗೆ ಸ್ವಲ್ಪ ದಿನ ನೇರ ತರಬೇತಿ. ಯಾವ ಮಟ್ಟದಲ್ಲಿ ಆಡಿರಬೇಕು ಅನ್ನುವ ನಿಯಮವನ್ನು ಅರ್ಜಿಗೆ ಮೊದಲು ಓದಿಕೊಳ್ಳಿ.

ಅಂಪೈರಿಂಗ್ ಬಗ್ಗೆಯೂ ಯೋಚಿಸಿ. ನಮ್ಮ ಹೆಣ್ಣುಮಕ್ಕಳು ಆ ಕಡೆ ಬರುವುದು ಕಡಿಮೆ, ನನಗೆ ಅದು ಬೇಸರ. ಬೆಂಗಳೂರಿನ ಆರ್.ವಿ. ರಘುಪ್ರಸಾದ್ ಸೀಟಿ ಹಿಡಿದೇ ಒಲಿಂಪಿಕ್ಸ್‌ಗೆ ಹೋದವರು. ಜಿಲ್ಲಾ, ರಾಜ್ಯ ಸಂಸ್ಥೆಯಲ್ಲಿ ಹೆಸರು ಕೊಟ್ಟು ಶಾಲಾ ಪಂದ್ಯಗಳಿಂದ ಶುರು ಮಾಡಿ. ಇದರಿಂದ ಮೊದಲು ಬರುವ ದುಡ್ಡು ಕಡಿಮೆಯೇ, ಹಾಗಾಗಿ ಬಿ.ಪಿ.ಎಡ್ ಬಿಡಬೇಡಿ.

ಪ್ರಶ್ನೆ: 46 ವರ್ಷ, ಕಾಲೇಜು ತಂಡದಲ್ಲಿ ಆಡಿದವನು. ಮೊಣಕಾಲು ನೋವಿದೆ. ಮುಂದಿನ ಕೊಡವ ಕುಟುಂಬ ಹಾಕಿ ಹಬ್ಬದಲ್ಲಿ ನಮ್ಮ ಒಕ್ಕದ (ಮನೆತನದ) ತಂಡಕ್ಕೆ ಆಡಲೇಬೇಕು ಅಂತ ಮಕ್ಕಳ ಹಟ. ಆಡಬಹುದೇ?
– ಒಬ್ಬ ಓದುಗ, ವಿರಾಜಪೇಟೆ

ಉತ್ತರ: ಮಕ್ಕಳ ಹಟ ನನಗೆ ತುಂಬಾ ಇಷ್ಟವಾಯಿತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಈ ಹಬ್ಬ ಶುರು ಮಾಡಿದಾಗ ಇದ್ದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿದವು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಹಬ್ಬ ಅದು. ಆಡಿ. ಆದರೆ ಮೊದಲು ಮೂಳೆ ಡಾಕ್ಟರಿಗೆ ಮೊಣಕಾಲು ತೋರಿಸಿ. ಅವರು ಸರಿ ಅಂದರೆ ಹಬ್ಬಕ್ಕೆ ಎರಡು ತಿಂಗಳು ಮುಂಚೆಯೇ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಶುರು ಮಾಡಿ. ಹೊಸ ಸ್ಟಿಕ್ ಕೊಳ್ಳುವುದಾದರೆ ಸ್ವಲ್ಪ ಉದ್ದದ್ದು ತೆಗೆದುಕೊಳ್ಳಿ, ಸೊಂಟ ಕಡಿಮೆ ಬಗ್ಗುತ್ತದೆ. ಫಾರ್ವರ್ಡ್ ಜಾಗ ಹುಡುಗರಿಗೆ ಕೊಟ್ಟು ನೀವು ಹಿಂದೆ ನಿಲ್ಲಿ. ಶಿನ್ ಗಾರ್ಡ್ ಮರೆಯಬೇಡಿ.