ಪಾಚಿ ಬೆಳೆಸಿ ನೀರು ತಿಳಿಯಾಗಿಸಬಹುದಾ?

ಪ್ರಶ್ನೆ: ನಮ್ಮ ಮನೆಯಲ್ಲಿ 120 ಲೀಟರಿನ ಟ್ಯಾಂಕ್ ಇದೆ, ಅದರಲ್ಲಿ ನಾಲ್ಕು ಗೋಲ್ಡ್‌ಫಿಶ್. ಗಾಜಿನ ಪಾಚಿ ಉಜ್ಜಿ ಉಜ್ಜಿ ಸಾಕಾಗಿದೆ. ಗೆಳೆಯರೊಬ್ಬರು ಪಾಚಿಯನ್ನೇ ಫಿಲ್ಟರ್ ಮಾಡಿಕೋ ಅನ್ನುತ್ತಿದ್ದಾರೆ. ಅಷ್ಟು ಒಳ್ಳೆಯದಾಗಿದ್ದರೆ ನಮ್ಮೂರಿನ ಅಂಗಡಿಯವರು ಯಾಕೆ ಇಟ್ಟಿಲ್ಲ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಗೆಳೆಯರು ತಮಾಷೆ ಮಾಡಿಲ್ಲ. ಗಾಜಿಗೆ ಪಾಚಿ ಕಟ್ಟುತ್ತಿದೆ ಅಂದರೆ ಅದಕ್ಕೆ ಬೇಕಾದ ಊಟ ನೀರಿನಲ್ಲಿದೆ ಅಂತ ಅರ್ಥ. ಮೀನು ತಿಂದದ್ದರಲ್ಲಿರುವ ಸಾರಜನಕದ ದೊಡ್ಡ ಪಾಲು ಅಮೋನಿಯಾ ಆಗಿ ನೀರಿಗೇ ಸೇರುತ್ತದೆ. ಮಾಮೂಲಿ ಸ್ಪಾಂಜ್ ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ವಿಷ ಇಳಿಯಿತು, ಸರಿ. ಆದರೆ ನೈಟ್ರೇಟ್ ಅಲ್ಲೇ ಕೂತಿರುತ್ತದೆ. ಆಹಾರದಿಂದ ಬಂದ ಫಾಸ್ಫೇಟ್ ಕೂಡ ಹೋಗುವುದಿಲ್ಲ. ನೀವು ನೀರು ಬದಲಾಯಿಸುವವರೆಗೂ ಎರಡೂ ಏರುತ್ತಲೇ ಇರುತ್ತವೆ. ಪಾಚಿ ಹಾಗಲ್ಲ. ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ಎಲ್ಲವನ್ನೂ ಹೀರಿಕೊಂಡು ಬೆಳೆಯುತ್ತದೆ. ಬೆಳೆದದ್ದನ್ನು ಕೆರೆದು ತೆಗೆದರೆ ಅವೂ ಅದರ ಜೊತೆಗೇ ಹೊರಗೆ ಹೋಗುತ್ತವೆ.

ಇದನ್ನು ಯಂತ್ರದ ರೂಪಕ್ಕೆ ತಂದವರು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ. ಹವಳದ ದಿಬ್ಬಗಳ ಮೇಲೆ ಹುಲ್ಲುಹಾಸಿನಂತೆ ಹಬ್ಬುವ ಪಾಚಿ ಎಷ್ಟು ಬೇಗ ಬೆಳೆಯುತ್ತದೆ ಅಂತ ಅವರು ಕೆರಿಬಿಯನ್ ಸಮುದ್ರದಲ್ಲಿ ನೋಡಿದ್ದರು. ಅದನ್ನೇ ಜಾಲರಿಯ ಮೇಲೆ ಬೆಳೆಸಿ, ಮೇಲೆ ಜೋರು ಬೆಳಕು ಬಿಟ್ಟು, ಬಕೆಟ್ ಮಗುಚಿ ಮಗುಚಿ ಅಲೆಅಲೆಯಾಗಿ ನೀರು ಹರಿಸಿದರು. 1982ರಲ್ಲಿ ಪೇಟೆಂಟ್ ಸಿಕ್ಕಿತು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ದೊಡ್ಡ ಅಕ್ವೇರಿಯಂ ಕೂಡ ಇದೇ ಪದ್ಧತಿಯಿಂದ ಶುರುವಾಯಿತು.

ಆದರೆ ಮನೆಗಳಿಗೆ ಇದು ಬರಲಿಲ್ಲ. ಆ ಬಕೆಟ್ಟಿನದು ಧಡ್ ಧಡ್ ಸದ್ದು, ದೀಪಗಳಿಗೆ ಖರ್ಚು, ಮೇಲೆ ಪೇಟೆಂಟ್ ಬೇರೆ. ಇದಕ್ಕಿಂತ ದೊಡ್ಡ ದೂರು ನೀರಿನ ಬಣ್ಣದ್ದು. ಪಾಚಿಯ ರಸ ಸೋರಿ ನೀರು ಹಳದಿಯಾಗುತ್ತಿತ್ತು. ಟೌನ್ಸ್‌ವಿಲ್‌ನವರೂ ಕೊನೆಗೆ ಇದನ್ನು ಬಿಟ್ಟರು. ಅದೇ ಹೊತ್ತಿಗೆ ಜರ್ಮನಿಯಿಂದ ಬರ್ಲಿನ್ ಪದ್ಧತಿ ಬಂತು: ಜೀವಂತ ಕಲ್ಲು, ಅಂದರೆ ಬ್ಯಾಕ್ಟೀರಿಯಾ ಮನೆಮಾಡಿರುವ ಸಮುದ್ರದ ಕಲ್ಲು, ಜೊತೆಗೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್. ಉಪ್ಪುನೀರಿನ ಟ್ಯಾಂಕ್ ಇಟ್ಟವರೆಲ್ಲ ಅತ್ತ ವಾಲಿದರು. ಪಾಚಿ ಅಂದರೆ ಮೊದಲೇ ಮೂಗು ಮುರಿಯುವವರು, ಅವರಿಗೊಂದು ನೆಪವೂ ಸಿಕ್ಕಿತು ಅಲ್ವಾ? ನನ್ನ ಪ್ರಕಾರ ಸೋತದ್ದು ಆ ಯಂತ್ರ, ಪಾಚಿಯಲ್ಲ. ಹಳದಿ ಬಣ್ಣಕ್ಕಂತೂ ಒಂದು ಚೀಲ ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್, ಇಟ್ಟರೆ ಸಾಕು.

2008ರ ಸುಮಾರಿಗೆ ಹವ್ಯಾಸಿಗಳೇ ಇದಕ್ಕೆ ಮತ್ತೆ ಜೀವ ಕೊಟ್ಟರು. ಬಕೆಟ್ ಹೋಯಿತು. ಒಂದು ಜಾಲರಿಯನ್ನು ನೆಟ್ಟಗೆ ನೇತುಹಾಕಿ ಮೇಲಿನಿಂದ ನೀರು ಇಳಿಸಿದರು, ಎರಡೂ ಕಡೆ ಬೆಳಕು ಕೊಟ್ಟರು. ಮನೆಯಲ್ಲೇ ಮಾಡಿಕೊಳ್ಳುವಷ್ಟು ಅಗ್ಗವಾದ ಮೇಲೆ ಜನ ಒಪ್ಪಿದರು. ಅಂಗಡಿಯವರಿಗೆ ಇದರಲ್ಲಿ ಏನು ಸಿಗುತ್ತದೆ ಹೇಳಿ? ತಿಂಗಳು ತಿಂಗಳು ಬದಲಿಸುವ ಕಾರ್ಟ್ರಿಜ್ ಇಲ್ಲ, ಔಷಧಿ ಇಲ್ಲ.

ಮಾಡುವುದು ಹೀಗೆ. ಕಸೂತಿಗೆ ಬಳಸುವ ಪ್ಲಾಸ್ಟಿಕ್ ಜಾಲರಿ ತನ್ನಿ. ನುಣುಪಾಗಿದ್ದರೆ ಪಾಚಿ ನಿಲ್ಲದೆ ಜಾರಿ ಹೋಗುತ್ತದೆ. ಅದಕ್ಕೇ ಗರಗಸದ ಬ್ಲೇಡಿನಿಂದ ಎರಡೂ ಮೈ ಗೀರಿ ಗೀರಿ, ಮುಟ್ಟಿದರೆ ಕೈಗೆ ಚುಚ್ಚುವಷ್ಟು ಒರಟು ಮಾಡಿ. ಪಿವಿಸಿ ಪೈಪಿಗೆ ಉದ್ದಕ್ಕೆ ಸೀಳು ಬಿಟ್ಟು ಜಾಲರಿಯನ್ನು ಅದರಲ್ಲಿ ಸಿಕ್ಕಿಸಿ. ಅಗಲದ ಒಂದೊಂದು ಇಂಚಿಗೂ ಗಂಟೆಗೆ 130 ಲೀಟರಿನಷ್ಟು ನೀರು ಇಳಿಯಬೇಕು. 4 ಇಂಚಿಗೆ ಸುಮಾರು 500 ಲೀಟರ್ ಕೊಡುವ ಪಂಪ್ ಸಾಕು. ಜಾಲರಿ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಟ್ಯಾಂಕಿನ ಅಳತೆಯಿಂದಲ್ಲ, ನೀವು ಹಾಕುವ ಆಹಾರದಿಂದ ಲೆಕ್ಕ ಹಾಕಿ. ದಿನಕ್ಕೆ ಫ್ರೋಜನ್ ಆಹಾರದ, ಅಂದರೆ ಹೆಪ್ಪುಗಟ್ಟಿಸಿದ ಮೀನಿನ ಆಹಾರದ, ಒಂದು ಚಿಕ್ಕ ಕ್ಯೂಬಿಗೆ 12 ಚದರ ಇಂಚು ಜಾಲರಿ, ಎರಡೂ ಬದಿ ಬೆಳಕು. ಗಿಡ ಬೆಳೆಸುವ ಕೆಂಪು ಎಲ್‌ಇಡಿ ಒಳ್ಳೆಯದು. ರಾತ್ರಿ ಟ್ಯಾಂಕಿನ ದೀಪ ಆರಿದಾಗ ಇದು ಉರಿಯುತ್ತಿದ್ದರೆ ನೀರಿನ ಪಿಎಚ್ ಕೂಡ ಅಷ್ಟಾಗಿ ಕುಸಿಯುವುದಿಲ್ಲ.

ಮೊದಲ ವಾರಗಳಲ್ಲಿ ಬರೀ ಕಂದು ಲೋಳೆ ಬರುತ್ತದೆ. ಗಾಬರಿಯಾಗಬೇಡಿ, ಅದನ್ನು ಮೆಲ್ಲಗೆ ಒರೆಸಿ ಬಿಡಿ. ಆಮೇಲೆ ಹಸಿರು ಕೂದಲಿನಂಥ ಪಾಚಿ ಹಿಡಿಯುತ್ತದೆ. ಬಣ್ಣ ನೋಡಿದರೆ ಸಮಸ್ಯೆ ಗೊತ್ತಾಗುತ್ತದೆ. ಕಪ್ಪಗೇ ಉಳಿದರೆ ಬೆಳಕು ಸಾಲದು. ಹಳದಿಯಾಗಿ ರಬ್ಬರಿನಂತಾದರೆ ಬೆಳಕು ಜಾಸ್ತಿ. ವಾರಕ್ಕೊಮ್ಮೆ ಜಾಲರಿಯನ್ನು ಸಿಂಕಿಗೆ ಒಯ್ದು ಕೆರೆಯಿರಿ, ತೆಳ್ಳಗೆ ಒಂದು ಪದರ ಉಳಿಸಿ. ಟ್ಯಾಂಕಿನೊಳಗೇ ಕೆರೆದರೆ ಆ ಹಳದಿ ರಸ ನೀರಿಗೆ ಸೇರುತ್ತದೆ. ಸೋಮಾರಿತನ ಮಾಡಿದರೆ ಅಡಿಯ ಪದರಕ್ಕೆ ಬೆಳಕು ಸಿಗದೆ ಸಾಯುತ್ತದೆ. ಹೀರಿದ್ದೆಲ್ಲ ವಾಪಸ್ ನೀರಿಗೇ.

ನಿಮ್ಮ ಗಾಜಿನ ಪಾಚಿ ಕಡಿಮೆಯಾಗಬಹುದು, ಅದೂ ನಿಧಾನಕ್ಕೆ. ಹಳೆಯ ಸ್ಪಾಂಜ್ ಫಿಲ್ಟರನ್ನು ಮಾತ್ರ ತೆಗೆಯಬೇಡಿ. ಕರೆಂಟ್ ಹೋಗಿ ಜಾಲರಿ ಒಣಗಿದರೆ ಪಾಚಿ ಸತ್ತು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಹಾಗಾಗಿ ಪಂಪನ್ನು ಯುಪಿಎಸ್‌ಗೆ ಸೇರಿಸಿದರೆ ವಾಸಿ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ: 120 ಲೀಟರಿಗೆ ನಾಲ್ಕು ಗೋಲ್ಡ್‌ಫಿಶ್ ಜಾಸ್ತಿಯಾಯಿತು.

ಪ್ರಶ್ನೆ: ಕೆರೆದ ಪಾಚಿಯನ್ನು ಮೀನಿಗೇ ಹಾಕಬಹುದಾ?
– ಓದುಗರು, ಉಡುಪಿ

ಉತ್ತರ: ಸ್ವಲ್ಪ ಹಾಕಿ, ಗೋಲ್ಡ್‌ಫಿಶ್ ಇಷ್ಟಪಟ್ಟು ತಿನ್ನುತ್ತದೆ. ಆದರೆ ಎಲ್ಲವನ್ನೂ ಹಾಕಿದರೆ ನೀವು ಫಿಲ್ಟರ್ ಮಾಡಿದ್ದು ದಂಡ, ಹೊರಗೆ ತೆಗೆದದ್ದು ಮತ್ತೆ ಒಳಗೇ ಹೋಗುತ್ತದೆ. ಸಿಹಿನೀರಿನದಾದರೆ ಹೂಕುಂಡಕ್ಕೆ ಹಾಕಿ. ಉಪ್ಪುನೀರಿನದಾದರೆ ಮೊದಲು ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಗಿಡ ಸುಟ್ಟುಹೋಗುತ್ತದೆ.