ಸೋರುವ ಮನೆಯಲ್ಲಿ ಬೆಳೆದವರು ಹಳೇ ಮನೆ ನೋಡಲು ಹೋದಾಗ

ಈ ಗಂಡ ಹೆಂಡತಿ ಸಲಹೆ ಕೇಳಲು ನನ್ನ ಬಳಿ ನಾಲ್ಕು ಸಲ ಬಂದಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸ ಯಾವುದನ್ನೂ ಹೇಳುವುದಿಲ್ಲ. ಒಂದೆರಡು ವಿವರ ಬದಲಿಸಿದ್ದೇನೆ.

ಒಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು ಸ್ವಲ್ಪ ದುಡ್ಡು ಕೂಡಿಟ್ಟಿದ್ದರು. ಆ ದುಡ್ಡಿಗೆ ಎರಡು ದಾರಿ ಇತ್ತು. ಒಂದು, ನಗರದ ಹೊರಗೆ ಹೊಸ ಫ್ಲಾಟ್. ಇನ್ನೊಂದು, ನಗರದ ಹಳೇ ಭಾಗದಲ್ಲಿ ಒಂದು ಪುಟ್ಟ ಮನೆ. ಎರಡು ಕೋಣೆ, ಅಡುಗೆಮನೆ, ಹಿಂದೆ ಒಬ್ಬರು ನಿಂತು ಬಟ್ಟೆ ಒಗೆಯುವಷ್ಟು ಜಾಗ. ಕಟ್ಟಿ ಐವತ್ತು ವರ್ಷ ದಾಟಿದೆ. ಆ ಭಾಗದಲ್ಲಿ ಅವರ ಕೈಗೆ ಎಟುಕುವ ಬೆಲೆಗೆ ಸಿಕ್ಕಿದ್ದು ಅದೊಂದೇ.

ಆಕೆಗೆ ಹಳೇ ಮನೆಯೇ ಬೇಕಿತ್ತು. ಗಂಡನಿಗೆ ಅದು ಬೇಡವೇ ಬೇಡ. ಮೂರು ವಾರದಿಂದ ಮನೆಯ ಮಾತು ಬಂದರೆ ಇಬ್ಬರಲ್ಲಿ ಒಬ್ಬರು ಎದ್ದು ಹೋಗುತ್ತಿದ್ದರು.

"ಕಾರಣನೇ ಹೇಳಲ್ಲ ಮೇಡಂ. ಹಳೇದು, ಬೇಡ, ಅಷ್ಟೇ. ಏನ್ರೀ, ಈಗಲಾದ್ರೂ ಹೇಳಿ" ಎಂದರು ಆಕೆ.

"ಗೋಡೆಗೆ ಹೊಸ ಬಣ್ಣ ಬಳಿದಿದ್ದಾರೆ, ಇವಳು ಅದನ್ನ ನೋಡ್ತಿದ್ದಾಳೆ" ಎಂದಷ್ಟೇ ಹೇಳಿ ಅವರು ಸುಮ್ಮನಾದರು.

ಎರಡನೇ ಸಲ ಗಂಡನೊಬ್ಬರನ್ನೇ ಕರೆದೆ. ಆಗ ಮಾತು ಬಂತು. ಅವರ ತಂದೆ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಹಳೇ ಮನೆ ಕೊಂಡಿದ್ದರು. ಪ್ರತಿ ವರ್ಷ ರಿಪೇರಿ, ಪ್ರತಿ ವರ್ಷ ಕೈಸಾಲ. "ಮಳೆ ಬಂದ ರಾತ್ರಿ ಯಾವ ಪಾತ್ರೆ ಎಲ್ಲಿ ಇಡಬೇಕು ಅಂತ ನಂಗೆ ಬಾಯಿಪಾಠ ಆಗಿತ್ತು ಮೇಡಂ. ಪಾತ್ರೆಗೆ ಹನಿ ಬಿದ್ದು ಟಣ್ ಟಣ್ ಅಂತಿತ್ತು. ಅಪ್ಪನಿಗೆ ಎಚ್ಚರ ಆಗಬಾರದು ಅಂತ ಒಳಗೆ ಹಳೇ ಬಟ್ಟೆ ಹಾಕ್ತಿದ್ದೆ." ಇದನ್ನು ಹೇಳುವಾಗ ಅವರು ಬಟ್ಟೆ ಮಡಚಿ ಪಾತ್ರೆಯೊಳಗೆ ಇಡುವ ಹಾಗೆ ಕೈಯಾಡಿಸಿದರು. ಹೆಂಡತಿಗೆ ಇದನ್ನು ಯಾವತ್ತೂ ಹೇಳಿರಲಿಲ್ಲ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಇದು ಹಳೇ ನೋವು, ಇದನ್ನು ಸಮಾಧಾನ ಮಾಡಿದರೆ ಮನೆಯನ್ನು ಇವರು ತೆರೆದ ಕಣ್ಣಿನಿಂದ ನೋಡುತ್ತಾರೆ ಅಂದುಕೊಂಡೆ. ಆ ದಾರಿಯಲ್ಲೇ ಮಾತಾಡಿದೆ. ಮೂರನೇ ಸಲ ಇಬ್ಬರೂ ಬಂದಾಗ ಅವರು ಮೊಬೈಲಿನಲ್ಲಿ ಆ ಮನೆಯ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದರು. ಹೊಸ ಬಣ್ಣದ ಗೋಡೆ. ನೆಲದಿಂದ ಮೊಣಕಾಲೆತ್ತರಕ್ಕೆ ಬಣ್ಣ ಸಣ್ಣದಾಗಿ ಉಬ್ಬಿತ್ತು. ಅದರ ಅಂಚಿನಲ್ಲಿ ಉಪ್ಪು ಸವರಿದ ಹಾಗೆ ಬಿಳಿ ಪುಡಿ. "ಇದು ಮೇಲಿಂದ ಸೋರಿದ್ದಲ್ಲ, ನೆಲದಿಂದ ಏರಿದ್ದು. ಬಣ್ಣ ಹೊಡೆದು ಎರಡು ತಿಂಗಳೂ ಆಗಿಲ್ಲ, ಆಗಲೇ ಎದ್ದಿದೆ."

ಅವರು ಹೇಳಿದ್ದು ಸರಿ. ನೆಲದ ತೇವ ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ. ಸಾಮಾನ್ಯವಾಗಿ ಒಂದು ಮೀಟರ್ ಎತ್ತರದ ಒಳಗೇ ನಿಲ್ಲುತ್ತದೆ. ನೀರು ಆರಿದ ಮೇಲೆ ಅದರಲ್ಲಿದ್ದ ಉಪ್ಪು ಬಿಳಿ ಪುಡಿಯಾಗಿ ಗೋಡೆಯ ಮೇಲೆ ಉಳಿಯುತ್ತದೆ. ಆಕೆ ಅದೇ ಗೋಡೆಯನ್ನು ಎರಡು ಸಲ ನೋಡಿ ಬಂದಿದ್ದರು. ಆಕೆಯ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಆಗ ನನಗೆ ಹೊಳೆದಿದ್ದು, ಈ ಭಯವನ್ನು ಕಳೆಯುವುದು ಬೇಡ, ಇದಕ್ಕೆ ಕೆಲಸ ಕೊಡಬೇಕು ಅಂತ. ಹಳೇ ಮನೆ ಎಲ್ಲೆಲ್ಲಿ ಕೈ ಕೊಡುತ್ತದೆ ಅಂತ ಇವರಷ್ಟು ಬಲ್ಲವರು ಆ ಸಂಸಾರದಲ್ಲಿ ಇನ್ನೊಬ್ಬರಿಲ್ಲ. ಸಲಹೆ ಅಲ್ಲಿಂದ ಬದಲಾಯಿತು.

ಮನೆಯನ್ನು ಇನ್ನೂ ಮೂರು ಸಲ ನೋಡಿ ಎಂದೆ. ಒಮ್ಮೆ ಹಗಲಲ್ಲಿ ನಿಧಾನವಾಗಿ, ಒಮ್ಮೆ ರಾತ್ರಿ, ಒಮ್ಮೆ ಮಳೆ ಬರುವಾಗ ಅಥವಾ ಬಂದ ಮರುದಿನ. ನೋಡುವುದು ಅವರು, ಬರೆದುಕೊಳ್ಳುವುದು ಆಕೆ. "ಬೇಡ" ಅನ್ನುವ ಮಾತು ಆಡಬಾರದು, ಏನು ಕಂಡಿತೋ ಅದನ್ನಷ್ಟೇ ಹೇಳಬೇಕು.

ಏನನ್ನು ನೋಡಬೇಕು ಅಂತ ಮೂವರೂ ಕೂತು ಬರೆದೆವು. ಬಿರುಕು ಕಂಡರೆ ಹೆದರಬೇಡಿ, ಅಳೆಯಿರಿ. ಕೂದಲೆಳೆಯ ಬಿರುಕು ಗಾರೆಯದ್ದಿರಬಹುದು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟಿದ್ದು, ಮೆಟ್ಟಿಲಿನ ಹಾಗೆ ಇಟ್ಟಿಗೆಯ ಸಂದಿನಲ್ಲೇ ಇಳಿದಿದ್ದು, ಒಂದು ಕಡೆ ಅಗಲವಾಗುತ್ತಾ ಹೋದದ್ದು, 5 ಮಿಲಿಮೀಟರ್ ದಾಟಿದ್ದು, ಇವುಗಳನ್ನು ಇಂಜಿನಿಯರ್‌ಗೆ ತೋರಿಸಲೇಬೇಕು. ಬಿರುಕು ಬೆಳೆಯುತ್ತಿದೆಯೇ ಅಂತ ತಿಳಿಯಲು ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ.

ತಾರಸಿಯ ಅಡಿಭಾಗವನ್ನು ಟಾರ್ಚ್ ಹಾಕಿ ನೋಡಿ. ಕಾಂಕ್ರೀಟ್ ಒಳಗಿನ ಕಂಬಿ ತುಕ್ಕು ಹಿಡಿದರೆ ಹಿಗ್ಗುತ್ತದೆ, ಹಿಗ್ಗಿ ಕಾಂಕ್ರೀಟನ್ನೇ ಒಡೆದು ಕೆಳಗೆ ತಳ್ಳುತ್ತದೆ. ಕೋಲಿನಿಂದ ತಟ್ಟಿದಾಗ ಟೊಳ್ಳು ಶಬ್ದ ಬಂದರೆ ಅಲ್ಲಿ ಒಳಗೇ ಬಿಟ್ಟುಕೊಂಡಿದೆ ಅಂತ ಅರ್ಥ. ಹಳೇ ಮನೆಯಲ್ಲಿ ಜೇಬು ಖಾಲಿ ಮಾಡುವುದು ಇದೇ. ಬಣ್ಣ, ನೆಲ, ಬಾಗಿಲು ಎಲ್ಲ ಆಮೇಲಿನ ಮಾತು.

ಎರಡು ನಲ್ಲಿ ಒಟ್ಟಿಗೆ ಬಿಡಿ. ಒಂದರ ನೀರು ಸಣ್ಣದಾದರೆ ಹಳೇ ಕಬ್ಬಿಣದ ಪೈಪು ಒಳಗೇ ತುಕ್ಕು ಕಟ್ಟಿ ಕಿರಿದಾಗಿರಬಹುದು. ಬಾಗಿಲ ಚೌಕಟ್ಟಿನ ಬುಡವನ್ನು ಒತ್ತಿ ನೋಡಿ, ಗೆದ್ದಲಿನ ಮಣ್ಣಿನ ಗೆರೆ ಇದೆಯಾ ನೋಡಿ. ವೈರಿಂಗ್‌ಗೆ ಅರ್ಥಿಂಗ್ ಇದೆಯೇ, ಕರೆಂಟ್ ಸೋರಿದರೆ ಕೂಡಲೇ ಕಡಿತ ಮಾಡುವ 30 ಮಿಲಿ ಆಂಪಿಯರ್‌ನ ಸ್ವಿಚ್ ಇದೆಯೇ ಕೇಳಿ. ಹಳೇ ಶೀಟಿನ ಚಾವಣಿ ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಪರೀಕ್ಷೆಗೆ ಅಂತಲೂ ಅದನ್ನು ಒಡೆಯಬೇಡಿ, ಕೊರೆಯಬೇಡಿ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮನೆಯಲ್ಲಿ ಮಗು ಇರುವವರು ಅದನ್ನು ಒಣಗಿದಂತೆಯೇ ಉಜ್ಜಿ ಧೂಳು ಎಬ್ಬಿಸಬಾರದು.

ಇಂಜಿನಿಯರ್‌ಗೆ ನೀವೇ ದುಡ್ಡು ಕೊಟ್ಟು ಕರೆದುಕೊಂಡು ಹೋಗಿ, ಮಾರುವವರ ಪರಿಚಯದವರು ಬೇಡ ಎಂದೆ. ಕಾಗದಪತ್ರಕ್ಕೆ ವಕೀಲರು ಬೇಕೇ ಬೇಕು. ಸಾಲ ಬೇಕಿದ್ದರೆ ಬ್ಯಾಂಕನ್ನು ಮೊದಲೇ ಕೇಳಿ, ಕಟ್ಟಡ ಹಳೆಯದಾದಷ್ಟೂ ಸಾಲದ ಮೊತ್ತವೂ ಅವಧಿಯೂ ಕಡಿಮೆಯಾಗಬಹುದು.

ಬೆಲೆಯ ವಿಷಯದಲ್ಲಿ ಒಂದು ಮಾತನ್ನು ನಾನು ಒತ್ತಿ ಹೇಳಿದೆ. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಸಂಶೋಧಕರು ಅಮೆರಿಕದ ಟೂಸಾನ್‌ನಲ್ಲಿ ಮಾಡಿದ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಮನೆಯನ್ನು ಹಲವರಿಗೆ ತೋರಿಸಿದರು, ಆದರೆ ಒಂದೊಂದು ಗುಂಪಿಗೆ ಒಂದೊಂದು ಬೆಲೆ ಹೇಳಿದ್ದರು. ಜಾಸ್ತಿ ಬೆಲೆ ಕೇಳಿಸಿಕೊಂಡವರು ಮನೆಗೆ ಜಾಸ್ತಿ ಬೆಲೆ ಕಟ್ಟಿದರು. ಮನೆ ಮಾರುವುದೇ ಕೆಲಸವಾಗಿದ್ದ ಏಜೆಂಟರೂ ಹಾಗೇ ಮಾಡಿದರು. ಹೇಳಿದ ಬೆಲೆ ಎಲ್ಲರ ತಲೆಯಲ್ಲೂ ಕೂತುಬಿಡುತ್ತದೆ. ಅದಕ್ಕೇ ಚೌಕಾಸಿಗೆ ಕೂರುವ ಮುಂಚೆ ನಿಮ್ಮ ಲೆಕ್ಕ ಕಾಗದದ ಮೇಲಿರಲಿ. ರಿಪೇರಿಯ ಅಂದಾಜು, ಅದರ ಮೇಲೆ ಐದನೇ ಒಂದು ಭಾಗ ಜಾಸ್ತಿ, ಯಾಕೆಂದರೆ ಹಳೇ ಗೋಡೆ ಒಡೆದ ಮೇಲೆಯೇ ಒಳಗಿನದು ಗೊತ್ತಾಗುವುದು. ಇದಕ್ಕಿಂತ ಮೇಲೆ ಹೋದರೆ ಎದ್ದು ಬರುತ್ತೇವೆ ಅನ್ನುವ ಅಂಕಿಗೆ ಇಬ್ಬರೂ ಸಹಿ ಹಾಕಿ.

ಆಕೆಯ ಆಸೆಯನ್ನೂ ಹಾಗೇ ಬಿಡಲಿಲ್ಲ. ಫ್ಲಾಟ್‌ನಿಂದ ಆಕೆಯ ಆಫೀಸಿಗೆ ಒಂದೂಕಾಲು ಗಂಟೆ, ಹಳೇ ಮನೆಯಿಂದ ನಡೆದರೆ ಹದಿನೈದು ನಿಮಿಷ. ಹೋಗಿ ಬರಲು ದಿನಕ್ಕೆ ಎರಡು ಗಂಟೆ ಉಳಿತಾಯ. ವರ್ಷಕ್ಕೆ 250 ಕೆಲಸದ ದಿನ ಹಿಡಿದರೆ 500 ಗಂಟೆ. ಸ್ಟುಟ್ಜರ್ ಮತ್ತು ಫ್ರೈ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರ ಓಡಾಡುವವರಿಗೆ ಬದುಕಿನ ಬಗ್ಗೆ ತೃಪ್ತಿ ಕಡಿಮೆ ಇರುವುದು ಕಂಡುಬಂದಿತ್ತು. ಗಂಡ ಈ ಲೆಕ್ಕವನ್ನು ತಲೆ ಬಗ್ಗಿಸಿ ಕೇಳಿದರು. ಮಗ ಮಲಗಿದ ಮೇಲೆ ಆಕೆ ಮನೆ ಸೇರುವುದು ಅವರಿಗೂ ಗೊತ್ತಿತ್ತಲ್ವಾ.

ಆದರೆ ಆಕೆಗೂ ನಾನು ಒಂದು ಕೆಲಸ ಕೊಟ್ಟೆ. ಆ ಮನೆಯ ಎರಡು ಕೋಣೆಯ ಅಳತೆ ತಂದು, ಈಗಿರುವ ಬಾಡಿಗೆ ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಎರಡು ದಿನ ಅದರೊಳಗೇ ಇದ್ದು ನೋಡಿ ಎಂದೆ. ಪುಟ್ಟ ಮನೆ ನೋಡಲು ಚೆಂದ ಇರುತ್ತದೆ, ಬೀರು ಎಲ್ಲಿ ಇಡುವುದು ಅನ್ನುವುದು ಆಮೇಲೆ ಬರುವ ಜಗಳ. ರಾತ್ರಿ ಹೋದಾಗ ಬೀದಿಯ ಸದ್ದು ಕೇಳಿ, ಪಕ್ಕದವರ ಜೊತೆ ಮಾತಾಡಿ, ಗೋಡೆ ಇಬ್ಬರಿಗೂ ಸೇರಿದ್ದಾ ವಿಚಾರಿಸಿ, ಆಂಬುಲೆನ್ಸ್ ಬಾಗಿಲ ತನಕ ಬರುತ್ತಾ ನೋಡಿ.

ನಾಲ್ಕನೇ ಸಲ ಬಂದಾಗ ಆಕೆಯ ಕೈಯಲ್ಲಿ ನೋಟ್‌ಬುಕ್ ಇತ್ತು. ಹನ್ನೊಂದು ಪುಟ. ಮುಂದಿನ ಕೋಣೆಯ ತಾರಸಿ ಗಟ್ಟಿ. ಅಡುಗೆಮನೆಯ ಮೇಲಿನದ್ದು ಎರಡು ಕಡೆ ಕಂಬಿ ಕಾಣುವಷ್ಟು ಉದುರಿತ್ತು, ಅಷ್ಟನ್ನು ತೆಗೆದು ಹೊಸದಾಗಿ ಹಾಕಬೇಕೆಂದು ಇಂಜಿನಿಯರ್ ಬರೆದುಕೊಟ್ಟಿದ್ದರು. ಗೋಡೆಯ ತೇವಕ್ಕೆ ಹಿಂದಿನ ಚರಂಡಿ ಒಡೆದದ್ದೂ ಕಾರಣವಾಗಿತ್ತು. ಅದನ್ನು ಕಂಡುಹಿಡಿದವರು ಇಂಜಿನಿಯರ್ ಅಲ್ಲ, ಗಂಡ. ಮಳೆಯಲ್ಲಿ ನೆನೆಯುತ್ತಾ ಹಿತ್ತಲಲ್ಲಿ ಕೂತು ನೀರು ಎಲ್ಲಿಗೆ ಹೋಗುತ್ತಿದೆ ಅಂತ ನೋಡಿದ್ದರಂತೆ. ಸೀಮೆಸುಣ್ಣದ ಗೆರೆಯೊಳಗೆ ಇದ್ದ ಎರಡು ದಿನ ಆಕೆಗೂ ಪಾಠವಾಗಿತ್ತು. ಊಟದ ಮೇಜು ಮತ್ತು ದೊಡ್ಡ ಬೀರು ಮಾರಲು ಒಪ್ಪಿಕೊಂಡಿದ್ದರು.

ಮಾರುವವರು ಇವರ ಅಂಕಿಗೆ ಇಳಿಯಲಿಲ್ಲ, ಸ್ವಲ್ಪ ಇಳಿದರು. ಸಹಿ ಹಾಕಿದ ಕಾಗದ ಇಟ್ಟುಕೊಂಡು ಇವರು ಎದ್ದು ಬಂದರು. ಹತ್ತು ದಿನದ ಮೇಲೆ ಮಾರುವವರೇ ಫೋನ್ ಮಾಡಿದರು.

ಆ ಮನೆಗೆ ವಾಸಕ್ಕೆ ಹೋದ ಮೇಲೆ ಆಕೆ ನನಗೆ ಒಮ್ಮೆ ಕರೆ ಮಾಡಿದ್ದರು. ಮೊದಲ ಜೋರು ಮಳೆ ಬಂದ ರಾತ್ರಿ ಗಂಡ ಎದ್ದು ಟಾರ್ಚ್ ಹಿಡಿದು ಎಲ್ಲಾ ಕೋಣೆ ಸುತ್ತಿದರಂತೆ. ಅಡುಗೆಮನೆಯ ಒಂದು ಮೂಲೆಯಲ್ಲಿ ಅಂಗೈಯಷ್ಟು ಒದ್ದೆ ಕಂಡಿತಂತೆ. ಅದರ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದು, ಬಂದು ಮಲಗಿದರಂತೆ.