ಪಿಟ್ಸ್‌ಬರ್ಗಿಗೆ ಓದಲು ಹೊರಟಿರುವ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದ್ದೀಯ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರಿಹ್ಯಾಬಿಲಿಟೇಶನ್ ಟೆಕ್ನಾಲಜಿ (ಅಂಗವಿಕಲರಿಗೆ ಬೇಕಾದ ಸಾಧನಗಳ ಓದು) ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ, ಆದರೆ ಮನೆಯಲ್ಲಿ "ವೀಲ್‌ಚೇರ್ ಓದೋಕೆ ಅಮೆರಿಕಕ್ಕೆ ಹೋಗಬೇಕಾ" ಅನ್ನುತ್ತಿದ್ದಾರೆ, ಬರಲಾ ಬೇಡವಾ ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಅಕ್ಕನ ಹಾಗೇ ಹೇಳುತ್ತೇನೆ. ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಮಾಡುತ್ತಿರುವುದು ಇದೇ ಕೆಲಸ.

ಬಾ. ಆದರೆ ಯಂತ್ರ ಮಾಡುವುದನ್ನು ಕಲಿಯಲು ಬರುತ್ತಿದ್ದೇನೆ ಅಂತ ಅಂದುಕೊಂಡು ಬರಬೇಡ.

ನನ್ನ ಮೊದಲ ವರ್ಷದ ಪ್ರಾಜೆಕ್ಟ್ ಬಗ್ಗೆ ಹೇಳುತ್ತೇನೆ. ಸ್ಟ್ರೋಕ್ ಆಗಿ ಬಲಗೈ ಸೋತಿದ್ದ ಒಬ್ಬ ಅಜ್ಜನಿಗೆ ಊಟ ಮಾಡಲು ಮುಂಗೈಗೆ ಕಟ್ಟಿಕೊಳ್ಳುವ ಒಂದು ಸಾಧನ ಮಾಡಿದೆ. ಸಣ್ಣ ಮೋಟಾರು, ಸೆನ್ಸರ್, ಎಲ್ಲಾ ಇತ್ತು. ಮೂರು ತಿಂಗಳು ಕೂತು ಮಾಡಿದ್ದು. ಲ್ಯಾಬಿನಲ್ಲಿ ಚೆನ್ನಾಗಿ ನಡೆಯಿತು. ಎರಡು ತಿಂಗಳ ಮೇಲೆ ಅವರ ಮನೆಗೆ ಹೋದರೆ ಅದು ಡ್ರಾಯರಿನಲ್ಲಿತ್ತು. ಅಜ್ಜ ಬೇಸರವಿಲ್ಲದೆ ಹೇಳಿದರು: "ಇದನ್ನು ಕಟ್ಟಿಕೊಳ್ಳಬೇಕಾದರೆ ಹೆಂಡತಿಯನ್ನು ಕರೆಯಬೇಕಮ್ಮ. ಎಡಗೈಯಲ್ಲಿ ತಿಂದರೆ ಸ್ವಲ್ಪ ಚೆಲ್ಲುತ್ತದೆ, ಆದರೆ ಯಾರನ್ನೂ ಕರೆಯಬೇಕಾಗಿಲ್ಲ." ಕೈಯ ಅಳತೆ, ಬಲ, ನಡುಕ ಎಲ್ಲಾ ಬರೆದುಕೊಂಡಿದ್ದೆ. ದಿನಾ ಇದನ್ನು ಯಾರು ಕಟ್ಟುತ್ತಾರೆ ಅಂತ ಮಾತ್ರ ಕೇಳಿರಲಿಲ್ಲ.

ಆಮೇಲೆ ತರಗತಿಯಲ್ಲಿ 1993ರ ಒಂದು ಅಧ್ಯಯನ ಓದಿಸಿದರು. ಇಂಥ ಸಾಧನ ಬಳಸುವ 227 ಜನ ಅಂಗವಿಕಲರನ್ನು ಕೇಳಿದ್ದರು. ಅವರಿಗೆ ಸಿಕ್ಕ ಸಾಧನಗಳಲ್ಲಿ ಶೇಕಡಾ 29ರಷ್ಟನ್ನು ಪೂರ್ತಿ ಬಿಟ್ಟುಬಿಟ್ಟಿದ್ದರು. ಕಾರಣಗಳಲ್ಲಿ ಮುಖ್ಯವಾದ ಒಂದು, ಸಾಧನ ಆರಿಸುವಾಗ ಅವರ ಅಭಿಪ್ರಾಯಕ್ಕೆ ಬೆಲೆ ಕೊಡದೇ ಇದ್ದದ್ದು. ಓದುವಾಗ ನನಗೆ ಆ ಡ್ರಾಯರೇ ಕಣ್ಣ ಮುಂದೆ ಬಂತು.

ಈ ವಿಷಯದಲ್ಲಿ ನೀನು ಬರುತ್ತಿರುವ ಜಾಗ ಒಳ್ಳೆಯದು. ಇಲ್ಲಿ ಹರ್ಲ್ ಅಂತ ಕರೆಯುವ ಸಂಶೋಧನಾಲಯವಿದೆ, ವಿಶ್ವವಿದ್ಯಾಲಯ ಮತ್ತು ಅಮೆರಿಕ ಸರ್ಕಾರದ ಮಾಜಿ ಸೈನಿಕರ ಇಲಾಖೆ ಸೇರಿ ನಡೆಸುವುದು. ಅದನ್ನು ಕಟ್ಟಿದ ರೋರಿ ಕೂಪರ್ 1980ರಲ್ಲಿ ಸೈನ್ಯದಲ್ಲಿದ್ದಾಗ ಜರ್ಮನಿಯಲ್ಲಿ ಸೈಕಲ್ ಅಪಘಾತವಾಗಿ ಬೆನ್ನುಹುರಿಗೆ ಪೆಟ್ಟು ಬಿದ್ದವರು. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ವೀಲ್‌ಚೇರಿನಲ್ಲಿ ಕೂತವರೇ ವೀಲ್‌ಚೇರ್ ಡಿಸೈನ್ ಮಾಡುವ ಕಡೆ ಮಾತುಕತೆಯೇ ಬೇರೆ ಥರ ಇರುತ್ತದೆ, ಬಂದಮೇಲೆ ನೋಡುತ್ತೀಯ.

ಕ್ಲಿನಿಕ್‌ನಲ್ಲಿ ಜಾಸ್ತಿ ಕಲಿಯುತ್ತೀಯ. ವೀಲ್‌ಚೇರಿನ ಸೀಟು ಒಂದಿಂಚು ಅಗಲ ಜಾಸ್ತಿಯಾದರೆ ಮನುಷ್ಯ ಒಂದು ಕಡೆ ವಾಲುತ್ತಾನೆ, ಚಕ್ರ ತಳ್ಳಲು ಕೈ ಚಾಚಿ ಚಾಚಿ ಭುಜ ಹಾಳಾಗುತ್ತದೆ. ಸ್ಪರ್ಶ ಗೊತ್ತಾಗದವರಿಗೆ ಕುಶನ್ ಸರಿಯಿಲ್ಲದಿದ್ದರೆ ಕೂತಲ್ಲೇ ಹುಣ್ಣಾಗುತ್ತದೆ, ಅದು ಮೂಳೆಯವರೆಗೆ ಹೋಗಿ ಪ್ರಾಣವನ್ನೇ ತೆಗೆಯಬಹುದು. ಹಾಗಾಗಿ ಕುಶನ್ ಮೇಲೆ ಸೆನ್ಸರ್ ಹಾಸು ಹಾಕಿ ಒತ್ತಡ ಎಲ್ಲೆಲ್ಲಿ ಬೀಳುತ್ತದೆ ಅಂತ ನೋಡುತ್ತೇವೆ.

ಇನ್ನೊಂದು ಪಾಠ ಇನ್ಶೂರೆನ್ಸ್. ವಯಸ್ಸಾದವರಿಗೆ, ಅಂಗವಿಕಲರಿಗೆ ಇಲ್ಲಿನ ಸರ್ಕಾರ ಕೊಡುವ ಇನ್ಶೂರೆನ್ಸ್ ಮೆಡಿಕೇರ್‌ನಿಂದ ಮೋಟಾರಿನ ಪವರ್ ವೀಲ್‌ಚೇರ್ ಸಿಗಬೇಕಾದರೆ ಮನೆಯೊಳಗೆ ಬೇಕೇ ಬೇಕು ಅಂತ ತೋರಿಸಬೇಕು, ಹೊರಗೆ ಓಡಾಡಲು ಬೇಕು ಅಂದರೆ ಸಾಲದು. ಸೀಟು ಮೇಲಕ್ಕೆ ಏರಿಸುವ ಸೌಲಭ್ಯ ವೈದ್ಯಕೀಯ ಅಗತ್ಯವೇ ಅಲ್ಲ ಅಂತ ವರ್ಷಗಟ್ಟಲೆ ದುಡ್ಡು ಕೊಡುತ್ತಿರಲಿಲ್ಲ, ಬಳಸುವವರು, ಥೆರಪಿಸ್ಟರು ಎಲ್ಲಾ ಸೇರಿ ಒತ್ತಾಯ ಮಾಡಿದ ಮೇಲೆ 2023ರ ಮೇ ತಿಂಗಳಲ್ಲಿ ಒಪ್ಪಿದರು. ಆದ್ದರಿಂದ ಬರೆಯುವುದನ್ನು ಚೆನ್ನಾಗಿ ಕಲಿ. ಕುರ್ಚಿ ಯಾಕೆ ಬೇಕು ಅಂತ ಇನ್ಶೂರೆನ್ಸಿಗೆ ನೀನು ಬರೆಯುವ ಪತ್ರ ಸರಿಯಿಲ್ಲದಿದ್ದರೆ ಯಾರದೋ ಕುರ್ಚಿ ಆರು ತಿಂಗಳು ತಡವಾಗುತ್ತದೆ.

ಕೆಲಸದ ಮಾತು. ಸೀಟು ಒಪ್ಪಿಕೊಳ್ಳುವ ಮೊದಲೇ ಒಂದು ವಿಷಯ ಕೇಳು: ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಬರುವ ಸಿಐಪಿ ಕೋಡ್ (ಕೋರ್ಸಿನ ವಿಷಯದ ಸಂಖ್ಯೆ) ಸರ್ಕಾರದ ಸ್ಟೆಮ್ ಪಟ್ಟಿಯಲ್ಲಿ, ಅಂದರೆ ವಿಜ್ಞಾನ-ತಂತ್ರಜ್ಞಾನ ವಿಷಯಗಳ ಪಟ್ಟಿಯಲ್ಲಿ, ಇದೆಯಾ ಅಂತ. ಇದ್ದರೆ ಓದು ಮುಗಿದ ಮೇಲೆ 12 ತಿಂಗಳ ಓಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ) ಜೊತೆಗೆ ಇನ್ನೂ 24 ತಿಂಗಳು ಸಿಗುತ್ತದೆ, ಇಲ್ಲದಿದ್ದರೆ ಬರೀ 12. ಈ ಕ್ಷೇತ್ರದ ಕೋರ್ಸುಗಳು ಕೆಲವು ಕಡೆ ಎಂಜಿನಿಯರಿಂಗ್ ಅಡಿ, ಕೆಲವು ಕಡೆ ಆರೋಗ್ಯ ವಿಜ್ಞಾನದ ಅಡಿ ಬರುತ್ತವೆ, ಅದಕ್ಕೇ ಹೇಳುತ್ತಿದ್ದೇನೆ. ವೀಲ್‌ಚೇರ್ ಮಾರುವ ಸಣ್ಣ ಕಂಪನಿಗಳು ವೀಸಾ ಮಾಡಿಸಲು ಹಿಂದೇಟು ಹಾಕುತ್ತವೆ. ವಿಶ್ವವಿದ್ಯಾಲಯಗಳಿಗೆ ಎಚ್-1ಬಿ ಕೆಲಸದ ವೀಸಾಕ್ಕೆ ಲಾಟರಿಯ ಕಾಟವಿಲ್ಲ, ಅತ್ತ ಕಣ್ಣಿಡು. ಈ ಕ್ಷೇತ್ರದವರ ರೆಸ್ನಾ ಸಂಸ್ಥೆ ಕೊಡುವ ಎಟಿಪಿ (ಸಹಾಯಕ ಸಾಧನಗಳ ತಜ್ಞರ) ಸರ್ಟಿಫಿಕೇಟಿಗೆ ಪರೀಕ್ಷೆ ಪಾಸಾದರೆ ಸಾಲದು, ಕೆಲಸ ಮಾಡಿದ ಗಂಟೆಗಳ ಲೆಕ್ಕವೂ ಬೇಕು. ಸಂಬಳ ಸಾಫ್ಟ್‌ವೇರಿನವರಷ್ಟು ಬರುವುದಿಲ್ಲ. ಸಾಲ ಮಾಡಿ ಬರುವುದಾದರೆ ಇದನ್ನು ಮನೆಯವರಿಗೆ ಈಗಲೇ ಹೇಳು.

ಊರಿನ ಬಗ್ಗೆ ಚಿಂತೆ ಬೇಡ. ಗುಡ್ಡ ಜಾಸ್ತಿ, ಚಳಿ ಜಾಸ್ತಿ. ಜಾಕೆಟ್ ಇಲ್ಲೇ ತೆಗೆದುಕೋ. ಪಕ್ಕದ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ 1976ರಿಂದ ಇದೆ, ಅಲ್ಲಿಗೆ ಹೋದರೆ ಕನ್ನಡ ಕಿವಿಗೆ ಬೀಳುತ್ತದೆ.

ನಿನ್ನ ಚಿಕ್ಕಪ್ಪ ಬೈಕ್ ಅಪಘಾತದ ಮೇಲೆ ವೀಲ್‌ಚೇರಿನಲ್ಲಿದ್ದಾರೆ, ಅದಕ್ಕೇ ಈ ಓದು ಅಂತ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ನನಗೆ ಅದೇ ಮುಖ್ಯ ಅನಿಸಿತು. ಇಲ್ಲಿ ನಾವು ಕೊಡುವ ಪವರ್ ಕುರ್ಚಿ ನೂರೈವತ್ತು ಕಿಲೋ ತೂಗುತ್ತದೆ, ನಮ್ಮ ಕಡೆಯ ಹೊಸ್ತಿಲು, ಬಚ್ಚಲು ಅದಕ್ಕೆ ಆಗುವುದಿಲ್ಲ ಅಲ್ವಾ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆ ಅಂಗವಿಕಲರಿಗಾಗಿ 1994ರಿಂದ ನಮ್ಮ ಜನರ ನಡುವೆಯೇ ಕೆಲಸ ಮಾಡುತ್ತಿದೆ. ಹೊರಡುವ ಮುಂಚೆ ಅಲ್ಲಿಗೆ ಹೋಗಿ ಬಾ. ಆಮೇಲೆ ಚಿಕ್ಕಪ್ಪನ ಜೊತೆ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದು ದಿನ ಸುಮ್ನೆ ಇರು. ಎಲ್ಲೆಲ್ಲಿ ಅವರು ಇನ್ನೊಬ್ಬರನ್ನು ಕರೆಯುತ್ತಾರೆ ಅಂತ ಬರೆದುಕೋ, ಬಚ್ಚಲ ಬಾಗಿಲಿನ ಅಗಲ ಅಳೆದುಕೋ. ಆ ಹಾಳೆಯನ್ನು ಜೊತೆಗೆ ತಾ, ಬಂದ ವಾರವೇ ಇಬ್ಬರೂ ಕೂತು ನೋಡೋಣ.